ಒಂದು ಮೊಳ ಹಗ್ಗ

ತೆಪ್ಪ ಕಟ್ಟುವಾಗ ಒಂದು ಮೊಳ ಹಗ್ಗ ಸಡಿಲ ಬಿಡಬೇಕು. ಅಕ್ಕ ನನಗೆ ಮೊದಲು ಕಲಿಸಿದ್ದೇ ಇದು. ಕೊಳದ ನೀರು ಏರಿದರೆ ತೆಪ್ಪವೂ ಏರಬೇಕು. ಬಿಗಿದರೆ ಹಗ್ಗವೇ ಅದನ್ನು ಮುಳುಗಿಸುತ್ತದೆ.

ನಿನ್ನೆ ಅಕ್ಕ ಸಸಿ ತರಲು ಹೋಗಿದ್ದಳು. ಖಾಲಿ ಡ್ರಮ್ಮುಗಳ ಮೇಲೆ ಕಟ್ಟಿ ಅವಳು ತರಕಾರಿ ಬೆಳೆಸಿದ ನಾಲ್ಕೂ ತೆಪ್ಪಗಳನ್ನು ಭಾವ ಕೊಳದ ತಳದ ಗೂಟಗಳಿಗೆ ಎಳೆದು ಬಿಗಿದರು. ಇವತ್ತು ತೋಟಗಾರಿಕೆ ಅಧಿಕಾರಿ ಬರುವವರು. ಫೋಟೋದಲ್ಲಿ ಸಾಲು ನೆಟ್ಟಗೆ ಕಾಣಬೇಕು.

“ಸಡಿಲ ಬಿಡಿ ಭಾವ, ಮೋಡ ಕಟ್ಟಿದೆ.”

“ಏನಮ್ಮ, ಕಾಲೇಜಲ್ಲಿ ಗಂಟು ಹಾಕೋದಕ್ಕೂ ಪರೀಕ್ಷೆ ಇತ್ತಾ?”

ದಡದಲ್ಲಿದ್ದ ಅವರ ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಸುಮ್ಮನಾದೆ. ಮನೆಯಲ್ಲಿ ಎಲ್ಲರೂ ಅದನ್ನು ನನ್ನ ಒಳ್ಳೆಯ ಗುಣ ಎನ್ನುತ್ತಾರೆ.

ಅಕ್ಕ ಸಂಜೆ ಬಂದಳು. ರಾತ್ರಿ ಮಳೆ ಹುಯ್ಯಿತು. ಬೆಳಿಗ್ಗೆ ಅಕ್ಕನ ಜೊತೆ ಬಂದು ನೋಡಿದರೆ ಮೂರು ತೆಪ್ಪಗಳಿದ್ದ ಕಡೆ ಬದನೆ ಗಿಡಗಳ ತುದಿಯಷ್ಟೇ ನೀರಿನ ಮೇಲಿತ್ತು. ನಾಲ್ಕನೆಯದು ಒಂದು ಮೂಲೆ ಮುಳುಗಿಸಿಕೊಂಡು ಜಗ್ಗಾಡುತ್ತಿತ್ತು. ಅದರಲ್ಲಿದ್ದವು ಬೀಜಕ್ಕೆಂದು ಬಿಟ್ಟ ಟೊಮೆಟೊ ಗಿಡಗಳು. ಅವೂ ಹೋದರೆ ಅಕ್ಕ ಆರು ವರ್ಷ ಆರಿಸಿ ಉಳಿಸಿಕೊಂಡ ತಳಿಯೇ ಹೋದಂತೆ.

“ಡ್ರಮ್ಮು ಸೋರಿವೆ. ನಿಮ್ಮಕ್ಕಂಗೆ ಬಿದಿರೇ ಸಾಕು ಅಂದೆ, ಕೇಳಿದ್ಳಾ?” ಎಂದರು ಭಾವ.

ಅಕ್ಕ ತನ್ನ ಅಂಗೈ ನೋಡಿಕೊಂಡಳು. “ನಾನೇ ಮುಚ್ಚಳ ಸರಿಯಾಗಿ ತಿರುಗಿಸ್ಲಿಲ್ವೇನೋ.”

ನನ್ನ ಮೈಯೆಲ್ಲ ಉರಿದುಹೋಯಿತು.

“ಡ್ರಮ್ಮು ಸೋರಿಲ್ಲ! ಇವರೇ ಹಗ್ಗ ಬಿಗಿದಿದ್ದು. ಫೋಟೋಗೆ!”

ಕುಡುಗೋಲು ಹಿಡಿದು ನೀರಿಗಿಳಿದೆ. ಹಿಂದಿನಿಂದ ಭಾವ ಕೂಗಿದರು: “ಕುಯ್ಬೇಡ! ಸಾಹೇಬ್ರು ಬರೋ ಹೊತ್ತು. ಇರೋದೊಂದೂ ತೇಲ್ಕೊಂಡು ಹೋದ್ರೆ ಏನು ತೋರಿಸ್ಲಿ?”

“ನಿಮ್ಮ ಮುಖ ತೋರಿಸಿ.”

ಹಗ್ಗ ಕತ್ತರಿಸಿದ್ದೇ ತೆಪ್ಪ ಚಂಗನೆ ಮೇಲೆದ್ದಿತು. ಗಿಡಗಳಿಂದ ಕೆಸರುನೀರು ನನ್ನ ಮುಖಕ್ಕೆ ರಾಚಿತು. ಎದೆಯುದ್ದ ನೀರಿಗೆ ಬಂದ ಅಕ್ಕ ತೆಪ್ಪದ ಅಂಚು ಹಿಡಿದುಕೊಂಡಳು. ಭಾವನ ಕಡೆ ತಿರುಗಿಯೂ ನೋಡಲಿಲ್ಲ.

“ಅವರು ಬಿಗಿದಿದ್ದನ್ನ ನಿನ್ನೆನೇ ನೋಡಿದ್ಯಾ?” ಎಂದು ನನ್ನನ್ನೇ ಕೇಳಿದಳು.

“ಹೂಂ.”

“ರಾತ್ರಿ ನನ್ನ ಪಕ್ಕದಲ್ಲೇ ಕೂತು ಊಟ ಮಾಡಿದೆಯಲ್ಲೇ.”

ಅವಳು ನನ್ನ ಉತ್ತರಕ್ಕೆ ಕಾಯಲಿಲ್ಲ. ತುಂಡಾದ ಹಗ್ಗಕ್ಕೆ ಹೊಸದನ್ನು ಸೇರಿಸಿ, ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದು, ನನಗೆ ಕಾಣುವಂತೆ ಒಂದು ಮೊಳ ಬಿಟ್ಟು, ಗಂಟು ಹಾಕಿದಳು.