ಅಕ್ಕಿ ಕೆಳಗಿನ ಸಾಲಿಗೆ

ಹೋಟೆಲಿನ ಲಾಂಡ್ರಿಯಲ್ಲಿ ಇಸ್ತ್ರಿಯ ಹಬೆ ಕುಡಿದು ಕುಡಿದು ನನ್ನ ಎದೆ ಕೆಟ್ಟಿತ್ತು. "ಆ ಕೆಲಸ ಬಿಡಮ್ಮ" ಎಂದರು ಡಾಕ್ಟರು. ಬಿಟ್ಟರೆ ಹೊಟ್ಟೆಗೇನು? ಅದೇ ಹೋಟೆಲಿನ ಮುಂದಿನ ಕೌಂಟರಿನಲ್ಲಿ ಜಾಗ ಖಾಲಿಯಿತ್ತು, ಆದರೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕಿತ್ತು. ಒಮ್ಮೆ ಬರೆದು ಮಣ್ಣು ಮುಕ್ಕಿದ್ದೆ. ನನ್ನನ್ನು ಕೆಡವಿದ್ದು ಎಣಿಸುವ ನಾಮಪದ, ಎಣಿಸದ ನಾಮಪದ ಎಂಬ ಪಾಠ.

"ಬ್ರೆಡ್ಡು ಹೋಳು ಹೋಳಾಗಿ ಕಣ್ಣೆದುರಿಗೇ ಕೂತಿರುತ್ತೆ ಅತ್ತೆ, ಅದನ್ನ ಎಣಿಸಬಾರದಂತೆ! ತಲೆಕೆಟ್ಟವರು!" ಎಂದು ಪುಸ್ತಕ ಎಸೆದೆ.

ಅತ್ತೆಗೆ ಇಂಗ್ಲಿಷಿನ ಗಾಳಿಯೂ ಸೋಕಿರಲಿಲ್ಲ. ಪುಸ್ತಕ ಎತ್ತಿಕೊಟ್ಟು, "ಅವರ ಭಾಷೆ, ಅವರ ಹಟ. ನಮಗೆ ಕೆಲಸ ಬೇಕು ತಾನೆ? ಯಾವ್ಯಾವುದು ಎಣಿಸೋದು, ಯಾವ್ಯಾವುದು ಎಣಿಸಬಾರದ್ದು, ಓದಿ ಹೇಳು" ಎಂದರು.

ಅವರ ಅಡುಗೆಮನೆಯಲ್ಲಿ ಒಂದು ಚಮಚ ಅತ್ತಿತ್ತಾದರೂ ಮನೆ ರಣರಂಗ. ಮದುವೆಯಾಗಿ ಬಂದ ಹೊಸದರಲ್ಲಿ ಡಬ್ಬಿ ಸರಿಸಿ ನಾನೇ ಬೈಸಿಕೊಂಡಿದ್ದೆ. ಅಂಥವರು ಅಂದು ಸ್ಟೂಲು ಹತ್ತಿ, ತಾವೇ ಜೋಡಿಸಿದ್ದ ಕಪಾಟನ್ನು ಪೂರ್ತಿ ಖಾಲಿ ಮಾಡಿದರು. ಮೊಟ್ಟೆ, ಆಲೂಗಡ್ಡೆ, ನಿಂಬೆಹಣ್ಣು, ಬಟ್ಟಲು ಮೇಲಿನ ಸಾಲಿಗೆ. ಎಣ್ಣೆ, ಹಿಟ್ಟು, ಬ್ರೆಡ್ಡು ಕೆಳಗಿನ ಸಾಲಿಗೆ. ಅಕ್ಕಿ ಡಬ್ಬಿ ಹಿಡಿದು, "ಇದು?" ಎಂದರು.

ತುಸು ಯೋಚಿಸಿ "ಕೆಳಗೆ" ಎಂದೆ.

ಆಮೇಲೆ ನೀರು ಕುಡಿಯಲು ಹೋದಾಗಲೆಲ್ಲ ಕಣ್ಣಿಗೆ ಬೀಳುತ್ತಿದ್ದುದು ಅದೇ ಪಾಠ. ಅತ್ತೆ ನನ್ನನ್ನು ಒಂದು ಕೆಲಸಕ್ಕೂ ಕರೆಯಲಿಲ್ಲ. ಚಹಾ ಕೂಡ ನಾನು ಕೂತಲ್ಲಿಗೇ ಬರುತ್ತಿತ್ತು. ಪರೀಕ್ಷೆಯ ದಿನ ಪ್ರಶ್ನೆ ಓದಿದರೆ ಕಪಾಟೇ ಕಣ್ಮುಂದೆ ಬಂದು ನಿಂತಿತು. ಪಾಸಾದೆ.

ಕೌಂಟರಿನ ಕೆಲಸ ಖಾತ್ರಿಯಾದ ಸಂಜೆ ಮಾವ ಚಹಾ ಗುಟುಕರಿಸಿ, "ಅಬ್ಬಾ, ಇವತ್ತು ಸಕ್ಕರೇನೇ ಬಿದ್ದಿದೆ!" ಎಂದರು.

"ಹಂಗಂದ್ರೆ ಏನು ಮಾವ?"

ಅತ್ತೆ ಕಣ್ಸನ್ನೆ ಮಾಡಿದರು. ಮಾವ ಕೇಳಬೇಕಲ್ಲ! "ಡಬ್ಬಿಗಳೆಲ್ಲ ಅದಲುಬದಲಾದ ಮೇಲೆ ಇವಳ ಕೈಗೆ ಸಕ್ಕರೆ ಬದಲು ಉಪ್ಪೇ ಸಿಗ್ತಿತ್ತು. ಎಷ್ಟೋ ಸಲ ನಾವಿಬ್ಬರೂ ಉಪ್ಪು ಚಹಾನೇ ಕುಡಿದ್ವಿ. ತುಟಿಪಿಟಕ್ ಅನ್ನಬೇಡಿ, ಸೊಸೆಗೆ ಗೊತ್ತಾದ್ರೆ ಎದ್ದು ಬಂದು ಎಲ್ಲಾನೂ ಮೊದಲಿನ ಹಾಗೇ ಇಟ್ಟುಬಿಡ್ತಾಳೆ ಅಂತ ನನ್ನ ಬಾಯಿ ಮುಚ್ಚಿಸಿದ್ಲು."

"ನನ್ನ ಚಹಾ ಒಂದಿನಾನೂ ಉಪ್ಪಾಗಿರಲಿಲ್ಲವಲ್ಲ?"

"ನಿಂದು ಬೇರೆ ಮಾಡಿ, ರುಚಿ ನೋಡಿ ಕೊಡ್ತಿದ್ಲು."

ಹೆತ್ತವಳು ಕೂಡ ಇಷ್ಟು ಮಾಡುತ್ತಿದ್ದಳೋ ಇಲ್ಲವೋ. ಅತ್ತೆಯ ಕೈ ಹಿಡಿದುಕೊಂಡು ಗಳಗಳನೆ ಅತ್ತುಬಿಟ್ಟೆ.

"ಅಳೋಕೇನಾಯ್ತೀಗ?" ಎಂದು ಅತ್ತೆ ಗದರಿದರು. ಆದರೆ ಕೈ ಬಿಡಿಸಿಕೊಳ್ಳಲಿಲ್ಲ.