ಗಾಳಿ ಅಳೆಯುವ ಕೊಳವೆ

ಮೇಜಿನ ಮೇಲೆ ಡ್ರೋನನ್ನು ತಾವೇ ನಡೆಸುವ ಎರಡು ಆಟೋಪೈಲಟ್‌ಗಳಿದ್ದವು; ವಿಮಾನದಂತೆ ರೆಕ್ಕೆಯಿದ್ದ, ಹಾರಬಲ್ಲ ಡ್ರೋನ್ ಒಂದೇ. ಬಲೆ ನೋಡಿಬರುತ್ತೇನೆಂದು ಬೆಳಿಗ್ಗೆ ದೋಣಿಯಲ್ಲಿ ಹೋದ ಅವಳ ಗಂಡ ಮಧ್ಯಾಹ್ನವಾದರೂ ಬಂದಿರಲಿಲ್ಲ. ‘ಎಂಜಿನ್ ನಿಂತೋಯ್ತು’ ಎಂದು ಒಂದು ಫೋನ್ ಬಂದಿತ್ತು, ಆಮೇಲೆ ಅದೂ ಸತ್ತಿತು. ಗಾಳಿ ದಡದಿಂದ ಕಡಲಿಗೆ ಬೀಸುತ್ತಿತ್ತು. ಕರಾವಳಿ ಕಾವಲಿನವರ ದೋಣಿ ಹೊರಟಿತ್ತಾದರೂ ಎತ್ತ ಹುಡುಕಬೇಕೆಂದು ಅವರಿಗೂ ತಿಳಿಯದು. ಹೊಲ ಅಳೆಯುವ ಡ್ರೋನ್ ಕಟ್ಟುವುದೇ ಕಸುಬಾದ ಅವಳಿಗೆ ಇವತ್ತು ಕೈಕಾಲೇ ಆಡಲೊಲ್ಲವು.

“ಹಳೇದನ್ನೇ ಹಾಕಮ್ಮಾ. ಹೊಸ ವೈದ್ಯನಿಗಿಂತ ಹಳೇ ರೋಗಿ ವಾಸಿ,” ಎಂದರು ಮಾವ. ಮೂವತ್ತು ವರ್ಷ ದೊಡ್ಡ ವಿಮಾನಗಳ ಮೀಟರ್ ರಿಪೇರಿ ಮಾಡಿ ನಿವೃತ್ತರಾದವರು; ಗಾದೆಗಳಿಗೆ ಮಾತ್ರ ನಿವೃತ್ತಿ ಕೊಟ್ಟಿರಲಿಲ್ಲ.

“ಹಳೇದಕ್ಕೆ ನೆಲದ ಲೆಕ್ಕದಲ್ಲಿ ಎಷ್ಟು ವೇಗ ಅನ್ನೋದು ಬಿಟ್ರೆ ಬೇರೇನೂ ಗೊತ್ತಿಲ್ಲ ಮಾವ. ಗಾಳಿ ಹಿಂದಿನಿಂದ ತಳ್ಳಿದ್ರೆ, ವೇಗ ಜಾಸ್ತಿ ಆಯ್ತು ಅಂತ ಮೋಟಾರು ತಗ್ಗಿಸತ್ತೆ. ರೆಕ್ಕೆಗೆ ಗಾಳಿ ಸಾಲದೆ ಬಿದ್ದೇ ಹೋಗತ್ತೆ.”

ಹೊಸದಕ್ಕೆ ಮೂತಿಯಲ್ಲೊಂದು ಕೊಳವೆ. ಎದುರು ಬರುವ ಗಾಳಿಯನ್ನು ಅಳೆದು ವೇಗ ಹೇಳುತ್ತದೆ. ಒಮ್ಮೆಯೂ ಹಾರಿಸಿ ನೋಡಿದ್ದಲ್ಲ. ಹೆದರಿಕೊಂಡೇ ಅದನ್ನು ಕೂರಿಸಿ, ಕೊಳವೆಗೆ ಬಟ್ಟೆಯ ಹೊದಿಕೆ ತೊಡಿಸಿದಳು.

ದಡದಲ್ಲಿ ಡ್ರೋನಿನ ಮೂತಿಯನ್ನು ಗಾಳಿಗೆ ತಿರುಗಿಸಿ ಸ್ವಿಚ್ ಹಾಕಿದಳು. ಹಾರಲೆಂದು ಕೈಯಿಂದ ಎಸೆಯುವಾಗ ನೋಡಿದರೆ ಹೊದಿಕೆ ಇರಲಿಲ್ಲ. ತಾನೇ ತೆಗೆದಿರಬೇಕು ಎಂದುಕೊಂಡಳು.

ಐದು ನಿಮಿಷಕ್ಕೇ ಲೆಕ್ಕ ತಪ್ಪಿತು. ಮೋಟಾರು ಪೂರ್ತಿ ಓಡುತ್ತಿದೆ, ತೋರಿಸುತ್ತಿರುವ ವೇಗ ಮಾತ್ರ ಏರುತ್ತಿಲ್ಲ. ಬ್ಯಾಟರಿ ಕಣ್ಣೆದುರೇ ಇಳಿಯುತ್ತಿದೆ.

“ಮಾವ, ಹೊದಿಕೆ ನೀವು ತೆಗೆದ್ರಾ? ಯಾವಾಗ?”

“ಸ್ವಿಚ್ ಹಾಕೋಕೆ ಮುಂಚೆನೇ. ದೊಡ್ಡ ವಿಮಾನದಲ್ಲಿ ಅದನ್ನ ಮರೆತು ಹಾರಿಸಿದ್ರೆ ಸತ್ತಂಗೇ ಅಂತ ಕಲಿಸಿದಾರಲ್ಲ,” ಎಂದು ಅವರು ಜೇಬಿನಿಂದ ಅದನ್ನು ತೆಗೆದು ತೋರಿಸಿದರು.

ಈ ಕೊಳವೆಗೆ ಸ್ವಿಚ್ ಹಾಕುವಾಗ ಹೊದಿಕೆ ಇರಲೇಬೇಕು. ಗಾಳಿಯಿಲ್ಲ ಅಂದರೇನು ಎಂದು ಅದು ಕಲಿಯುವುದೇ ಆ ಗಳಿಗೆಯಲ್ಲಿ. ಬೀಸುತ್ತಿದ್ದ ಗಾಳಿಯನ್ನೇ ಅದು ಸೊನ್ನೆಯೆಂದು ನಂಬಿ, ನಿಜಕ್ಕಿಂತ ಕಡಿಮೆ ವೇಗ ಹೇಳುತ್ತಿತ್ತು! ಹೇಳಿದಾಗ ಮಾವನ ಮುಖ ಬಿಳಿಚಿತು.

ಬೈಯಲು ಅವಳಿಗೆ ಪುರುಸೊತ್ತಿರಲಿಲ್ಲ. ಆಟೋಪೈಲಟ್ ಹಿಡಿಯಬೇಕಾದ ವೇಗವನ್ನು ಹದಿನೆಂಟರಿಂದ ಹದಿನಾರಕ್ಕೆ, ಹದಿನಾಲ್ಕಕ್ಕೆ ಇಳಿಸಿದಳು. ಎಲ್ಲವೂ ಅಂದಾಜು. ಒಂದಂಕಿ ಹೆಚ್ಚು ಇಳಿಸಿದರೆ ಡ್ರೋನ್ ನೀರುಪಾಲು. ಕಣ್ಣು ತನ್ನ ಪರದೆಯ ಆ ಅಂಕಿಯಿಂದ ಕದಲಲಿಲ್ಲ. ಕ್ಯಾಮೆರಾದ ಪರದೆ ಮಾವನ ಪಾಲಿಗೆ ಬಂತು.

“ದೋಣಿ! ನಮ್ದೇ ದೋಣಿ!”

“ಒಳಗೆ ಇದಾರಾ? ಖಾಲಿ ಆದ್ರೆ ಸುತ್ತ ನೀರಲ್ಲಿ ಹುಡುಕ್ಬೇಕು. ಬೇಗ ಹೇಳಿ, ಬ್ಯಾಟರಿ ಇಲ್ಲ!”

ಮಾವ ಪರದೆಗೆ ಇನ್ನಷ್ಟು ಬಾಗಿದರು. “ಇದಾನೆ ಕಣಮ್ಮಾ. ಕೈ ಎತ್ತಿದ.”

ಅವಳು ಡ್ರೋನನ್ನು ದೋಣಿಯ ಮೇಲೇ ಸುತ್ತಲು ಬಿಟ್ಟು, ಜಾಗವನ್ನು ವೈರ್‌ಲೆಸ್ಸಿನಲ್ಲಿ ಕಾವಲಿನವರಿಗೆ ಕೂಗಿ ಹೇಳಿದಳು. ದೋಣಿ ತೇಲಿದ ಹಾಗೆಲ್ಲ ಹೊಸ ಜಾಗ ಹೇಳಿದಳು. ‘ನಿಮ್ಮ ಡ್ರೋನ್ ಕಾಣ್ತಿದೆ’ ಎಂದು ಅತ್ತಲಿಂದ ದನಿ ಬಂದ ಸ್ವಲ್ಪ ಹೊತ್ತಿಗೆ ಬ್ಯಾಟರಿ ಮುಗಿಯಿತು. ಎರಡೂ ಪರದೆ ಕಪ್ಪಾದವು.

ಮಾವ ಮರಳಿನ ಮೇಲೆ ಕುಸಿದು ಕೂತರು.

“ನಂಗೆ ದೋಣಿ ಬಿಟ್ಟು ಏನೂ ಕಾಣ್ಲಿಲ್ಲ ಕಣಮ್ಮಾ. ಅದು ಖಾಲಿ ಅನ್ನೋಕೆ ಬಾಯೇ ಬರ್ಲಿಲ್ಲ.”

ಅವಳು ಕಪ್ಪಾದ ಪರದೆಯತ್ತ ತಿರುಗಿದಳು. ಹುಡುಕಬೇಕಾಗಿದ್ದ ನೀರನ್ನು ಬಿಟ್ಟು ಖಾಲಿ ದೋಣಿಗೆ ಕಾವಲು ಕೂತಿದ್ದೆನೇ? ವೈರ್‌ಲೆಸ್ ಬರೀ ಗೊರಗೊರ ಎನ್ನುತ್ತಿತ್ತು. ಎಷ್ಟು ಹೊತ್ತು ಹಾಗೆಯೇ ನಿಂತಿದ್ದಳೋ.

“ಸಿಕ್ಕಿದ್ರು. ದೋಣಿ ತಳದಲ್ಲಿ ಟಾರ್ಪಾಲು ಹೊದ್ಕೊಂಡು ಬಿದ್ದಿದ್ರು. ಉಸಿರಿದೆ,” ಎಂದಿತು ವೈರ್‌ಲೆಸ್.

ಮಾವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದರು. ಅವಳು ವೈರ್‌ಲೆಸ್ಸನ್ನು ಎತ್ತಿಕೊಂಡಳು.

“ಇನ್ನೊಂದ್ಸಲ ಹೇಳಿ,” ಎಂದಳು. “ನಿಮ್ಮ ಕಣ್ಣಾರೆ ನೋಡ್ಬಿಟ್ಟು ಹೇಳಿ.”