ಮೇಷ್ಟ್ರ ಫೋನಿಗೆ ಬರುವ ನಂಬರು

2025ರ ಜನವರಿ 31, ಶುಕ್ರವಾರ, ಮಧ್ಯಾಹ್ನ ಎರಡು ಗಂಟೆ ಹದಿನೈದು ನಿಮಿಷಕ್ಕೆ ಸಾದಿಯಾ ಹುಲಿಯೂರುದುರ್ಗದ ಬಸ್ ನಿಲ್ದಾಣದಲ್ಲಿ ಇಳಿದಳು. ಗುಬ್ಬಿಯಿಂದ ತುಮಕೂರು, ತುಮಕೂರಿನಿಂದ ಕುಣಿಗಲ್, ಅಲ್ಲಿಂದ ಇಲ್ಲಿಗೆ ಹೀಗೆ ಮೂರು ಬಸ್ಸು ಬದಲಾಯಿಸಿದ್ದಳು. ಗುಬ್ಬಿ ಬಸ್ ಸ್ಟ್ಯಾಂಡಿನ ಎದುರು ಅವಳದೊಂದು ಪುಟ್ಟ ಅಂಗಡಿ. ಜನರ ಆನ್‌ಲೈನ್ ಅರ್ಜಿಗಳನ್ನು ತುಂಬಿಕೊಡುವುದು ಅವಳ ಕಸುಬು. ಬೆಳಗ್ಗೆ ಶಟರ್ ಎಳೆಯುವಾಗ ಅವಳ ಅಬ್ಬಾ ಎಲ್ಲಿಗೆಂದು ಕೇಳಿದ್ದಕ್ಕೆ, ಕಾಲೇಜಿನ ಹಳೆಯ ಮೇಷ್ಟ್ರಿಗೆ ಕಣ್ಣಿನ ಆಪರೇಷನ್ ಆಗಿದೆಯಂತೆ, ನೋಡಿಕೊಂಡು ಬರುತ್ತೇನೆ ಎಂದಿದ್ದಳು. ಹೇಳಿದ್ದು ಸುಳ್ಳಲ್ಲ. ಆದರೆ ಅದಕ್ಕಾಗಿಯೇ ಬಂದದ್ದೂ ಅಲ್ಲ.

ತಂಗಿ ಐಮನ್ ತುಮಕೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಎರಡನೆಯ ವರ್ಷದ ಬಿ.ಎಸ್ಸಿ. ಓದುತ್ತಿದ್ದಳು. ಅವಳ ಸ್ಕಾಲರ್‌ಶಿಪ್ ಅರ್ಜಿಯನ್ನು ಸಾದಿಯಾಳೇ ಅಕ್ಟೋಬರಿನಲ್ಲಿ ತುಂಬಿದ್ದಳು. ಆದಾಯ ಪ್ರಮಾಣಪತ್ರ, ಶುಲ್ಕದ ರಸೀದಿ, ಹಿಂದಿನ ವರ್ಷದ ಅಂಕಪಟ್ಟಿ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ, ಒಂದನ್ನೂ ಬಿಟ್ಟಿರಲಿಲ್ಲ. ಆದರೆ ಅರ್ಜಿ ತುಂಬುವುದು ಅರ್ಧ ಕೆಲಸ. ಮಿಕ್ಕರ್ಧ ಕಾಲೇಜಿನದು. ಕಾಲೇಜಿನ ಗುಮಾಸ್ತರು ಪೋರ್ಟಲ್ ತೆರೆದು, ದಾಖಲೆಗಳನ್ನು ನೋಡಿ, 'ಪರಿಶೀಲಿಸಲಾಗಿದೆ' ಎಂದು ಒತ್ತಬೇಕು. ಒತ್ತದಿದ್ದರೆ ಅರ್ಜಿ ಹಾಕಿದ್ದೂ ಒಂದೇ, ಹಾಕದಿದ್ದದ್ದೂ ಒಂದೇ. ಆ ವರ್ಷ ಬರುವ ದುಡ್ಡು ಬರುವುದಿಲ್ಲ. ಗಡುವು ಇವತ್ತು ಸಂಜೆ ಐದೂವರೆ. ಐಮನ್‌ಳದೂ ಸೇರಿ ಆ ಕಾಲೇಜಿನ ಮೂವತ್ತಾರು ಅರ್ಜಿಗಳು ಇನ್ನೂ ಹಾಗೆಯೇ ಕೂತಿದ್ದವು.

ಒತ್ತಬೇಕಾದ ಗುಮಾಸ್ತರ ಹೆಸರು ಅನಂತರಾಜು. ಆ ಹೆಸರನ್ನು ಸಾದಿಯಾ ಮೂರು ವರ್ಷದಿಂದ ಬಾಯಲ್ಲಿ ಆಡಿರಲಿಲ್ಲ. ಮನಸ್ಸಿನಲ್ಲಿ ಆಡದ ದಿನವೂ ಇರಲಿಲ್ಲ.

ಮೂರು ವರ್ಷದ ಹಿಂದೆ ಅವಳೂ ಅದೇ ಕಾಲೇಜಿನಲ್ಲಿ ಕೊನೆಯ ವರ್ಷದಲ್ಲಿದ್ದಳು. ಆ ಜನವರಿಯಲ್ಲಿ ಅವಳ ಅರ್ಜಿಯ ಮುಂದೆ 'ಅಭ್ಯರ್ಥಿ ದಾಖಲೆ ಸಲ್ಲಿಸಿಲ್ಲ' ಎಂದು ಬಂದಿತ್ತು. ಅಬ್ಬಾನನ್ನು ಕರೆದುಕೊಂಡು ಅನಂತರಾಜುವಿನ ಕೌಂಟರಿಗೆ ಹೋಗಿ ಕೇಳಿದ್ದಳು.

"ನೀನು ಪೇಪರ್ರೇ ಕೊಟ್ಟಿಲ್ವಲ್ಲಮ್ಮ."

"ನಿಮ್ಮ ಕೈಗೇ ಕೊಟ್ಟಿದೀನಿ ಸಾರ್. ಡಿಸೆಂಬರ್ ಹದಿನಾಲ್ಕು, ಬೆಳಗ್ಗೆ ಹನ್ನೊಂದೂವರೆಗೆ."

"ಓಹೋ, ಟೈಮು ಬೇರೆ ಬರ್ಕೊಂಡವ್ಳೆ! ದುಡ್ಡು ಅಂದ್ರೆ ಸುಳ್ಳು ನಾಲಿಗೆ ತುದೀಲೇ ಇರುತ್ತೆ ನಿಮ್ಗೆ."

ಸಾಲಿನಲ್ಲಿ ನಿಂತಿದ್ದವರು ನಕ್ಕಿದ್ದರು. ಅವಳ ಅಬ್ಬಾ ಗುಲಾಮ್ ನಬಿ ಹಾಸಿಗೆ ಹೊಲಿಯುವವರು. ಕೆಲಸ ಬಿಟ್ಟು ಬಂದಿದ್ದರಿಂದ ಭುಜದ ಮೇಲೆ ಹತ್ತಿಯ ಎಳೆಗಳು ಇನ್ನೂ ಕೂತಿದ್ದವು. ಅವರು ಎರಡೂ ಕೈ ಜೋಡಿಸಿ, "ತಪ್ಪಾಯ್ತು ಸಾರ್, ಮಗು ಮರ್ತಿರ್ಬೇಕು" ಎಂದಿದ್ದರು. ಕೊನೆಯ ಸೆಮಿಸ್ಟರಿನ ಶುಲ್ಕ ಹೊಂದಲಿಲ್ಲ, ಓದು ಅಲ್ಲಿಗೇ ನಿಂತಿತು. ಅದನ್ನಾದರೂ ಅವಳು ನುಂಗಿಕೊಂಡಾಳು. ಆ ಜೋಡಿಸಿದ ಕೈಗಳನ್ನು ಮಾತ್ರ ನುಂಗಲಾಗಲಿಲ್ಲ.

ಮೊನ್ನೆ ಐಮನ್ ಊಟಕ್ಕೆ ಕೂತಾಗ ಒಂದು ಮಾತು ಹೇಳಿದ್ದಳು. ಅನಂತರಾಜು ಸಾರ್ ಲಾಗಿನ್ ಮಾಡುವ ಮೊದಲು ಪ್ರತಿಸಲವೂ ಯಾರಿಗೋ ಫೋನ್ ಮಾಡಿ 'ಮೇಷ್ಟ್ರೇ, ನಂಬರ್ ಬಂತಾ?' ಎನ್ನುತ್ತಾರೆ, ಈ ವಾರವೆಲ್ಲ ಆ ಕಡೆಯವರು ನಂಬರ್ ತಪ್ಪು ತಪ್ಪಾಗಿ ಓದುತ್ತಿದ್ದಾರಂತೆ. ದಿನಕ್ಕೆ ನಲವತ್ತು ಓಟಿಪಿ ನೋಡುವ ಸಾದಿಯಾಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಾಲೇಜಿನ ಲಾಗಿನ್ ಇನ್ನೂ ಹಳೆಯ ಸ್ಕಾಲರ್‌ಶಿಪ್ ಉಸ್ತುವಾರಿಯ ಮೊಬೈಲಿಗೇ ಅಂಟಿಕೊಂಡಿದೆ. ಆ ಉಸ್ತುವಾರಿ ಎಂದರೆ ಅವಳಿಗೆ ಭೌತಶಾಸ್ತ್ರ ಕಲಿಸಿದ ಶಿವರಾಮಯ್ಯ ಮೇಷ್ಟ್ರು. 2021ರಲ್ಲೇ ನಿವೃತ್ತಿಯಾಗಿ ಹುಲಿಯೂರುದುರ್ಗದ ತಮ್ಮ ಮನೆ ಸೇರಿದ್ದರು.

ಮೇಷ್ಟ್ರು ಜಗಲಿಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು.

"ಯಾರದು?"

"ನಾನು ಸಾರ್, ಸಾದಿಯಾ. ಗುಬ್ಬಿ. ಹತ್ತೊಂಬತ್ತರ ಬ್ಯಾಚು."

"ಓ! ಲೋಲಕದ ಆಂದೋಲನ ಇಪ್ಪತ್ತು ಎಣಿಸಿದ್ರೆ ಸಾಕು ಅಂದ್ರೆ ಐವತ್ತು ಎಣಿಸ್ತಿದ್ದೋಳು! ಬಾ ತಾಯಿ, ಬಾ. ಮುಖ ಕಾಣಲ್ಲ, ಬೇಜಾರು ಮಾಡ್ಕೋಬೇಡ. ಎಲ್ಲಾ ಹಾಲು ಚೆಲ್ಲಿದಂಗೆ ಕಾಣುತ್ತೆ."

ಅವಳು ತಂದಿದ್ದ ಬಾಳೆಹಣ್ಣು ಕೊಟ್ಟಳು. ಮಾತು ಬೇಗನೆ ನಂಬರಿಗೆ ಬಂತು, ತರಬೇಕಾದ ಕಷ್ಟವೇ ಅವಳಿಗೆ ಬೀಳಲಿಲ್ಲ.

"ದಿನಾ ಆ ಅನಂತರಾಜು ಕಾಟ ಕಣಮ್ಮ. ಸೊಸೆ ನೇತ್ರಾವತಿ ಇದ್ರೆ ಓದಿ ಹೇಳ್ತಾಳೆ. ಇವತ್ತು ಅವಳೂ ಟ್ರೇನಿಂಗು ಅಂತ ಕುಣಿಗಲ್‌ಗೆ ಹೋಗವ್ಳೆ. ನಂಗೆ ಮೂರು ಯಾವ್ದೋ ಎಂಟು ಯಾವ್ದೋ."

"ನಂಬರ್ ಬದಲಾಯಿಸ್ಬಹುದಲ್ಲ ಸಾರ್?"

"ಬದಲಾಯಿಸೋಕೆ ಜಿಲ್ಲಾ ಆಫೀಸಿಗೆ ಕಾಗದ ಬರೀಬೇಕು. ಬರೆದ್ರೆ ಇಷ್ಟು ದಿನ ಯಾಕೆ ಬರೀಲಿಲ್ಲ ಅಂತ ಕೇಳ್ತಾರಲ್ಲ! ಅದಕ್ಕೆ ಹೆದರ್ಕೊಂಡು ವರ್ಷ ವರ್ಷ ತಳ್ತಾವ್ನೆ. ಒಂದ್ಸಲ ಅಂತೂ ಬಲೇ ಫಜೀತಿ ಆಗೋಯ್ತು. ನಂಗೆ ಕೋವಿಡ್ಡು, ಹನ್ನೆರಡು ದಿನ ಬೆಂಗಳೂರಿನ ಆಸ್ಪತ್ರೇಲಿ. ಫೋನು ಸ್ವಿಚ್ಚಾಫು. ಆಮೇಲೆ ಕೇಳಿದ್ರೆ, 'ಏನೋ ಒಂದು ಬರ್ದು ಮುಗಿಸ್ದೆ ಬುಡಿ ಮೇಷ್ಟ್ರೇ, ಆರೇಳು ಮಕ್ಳದು ಹೋಯ್ತು' ಅಂದ."

"ಯಾವ ವರ್ಷ ಸಾರ್?"

"ಇಪ್ಪತ್ತೆರಡು, ಜನವರಿ."

ಸಾದಿಯಾ ಬಾಳೆಹಣ್ಣಿನ ಸಿಪ್ಪೆಯನ್ನು ಉದ್ದುದ್ದಕ್ಕೆ ಸೀಳುತ್ತಾ ಕೂತಳು. ಪೇಪರ್ ಎಲ್ಲೋ ಕಳೆದಿರಬಹುದು, ಗುಮಾಸ್ತರು ನಿಜಕ್ಕೂ ಮರೆತಿರಬಹುದು ಎಂಬ ಒಂದು ಸಣ್ಣ ಅನುಮಾನವನ್ನು ಅವಳು ಇಷ್ಟು ವರ್ಷ ಆತನಿಗಾಗಿ ಉಳಿಸಿಕೊಂಡಿದ್ದಳು. ಈಗ ಅದೂ ಉಳಿಯಲಿಲ್ಲ. ಆತನಿಗೆ ಗೊತ್ತಿತ್ತು. ಅಬ್ಬಾ ಕೈ ಜೋಡಿಸಿ ನಿಂತಾಗಲೂ ಗೊತ್ತಿತ್ತು.

"ಇವತ್ತು ನಾನೇ ಓದಿ ಹೇಳ್ತೀನಿ ಸಾರ್," ಎಂದಳು. "ನೀವು ಒಳಗೆ ಹೋಗಿ ಮಲಗಿ. ಬಿಸಿಲಿನ ಝಳ ಕಣ್ಣಿಗೆ ಬೀಳ್ತಿದೆ."

ಮೇಷ್ಟ್ರು ಫೋನನ್ನು ಅವಳ ಕೈಗಿಟ್ಟು, ಗೋಡೆ ತಡವಿಕೊಂಡು ಒಳಗೆ ಹೋದರು.

ತುಮಕೂರಿನಲ್ಲಿ ಬೆಳಗ್ಗಿನಿಂದ ಸರ್ವರ್ ಸತ್ತು ಬಿದ್ದಿತ್ತು. ಐಮನ್ ಕೌಂಟರಿನ ಮುಂದೆಯೇ ಇದ್ದಳು. ನಾಲ್ಕಾದ ಮೇಲೆ ಸಾದಿಯಾ ತನ್ನ ಫೋನಿನಿಂದ ಅವಳಿಗೆ ಕರೆ ಮಾಡಿ, ಕಟ್ ಮಾಡಬೇಡ ಎಂದು ಹೇಳಿ ಪಕ್ಕದಲ್ಲಿಟ್ಟುಕೊಂಡಳು. ನಾಲ್ಕು ಇಪ್ಪತ್ತೊಂದಕ್ಕೆ ಮೇಷ್ಟ್ರ ಫೋನು ಟಿಣ್ ಎಂದಿತು. ಆರು ಅಂಕಿ. ಹತ್ತು ನಿಮಿಷದ ಆಯುಸ್ಸು. ಬೆನ್ನಿಗೇ ಅದು ರಿಂಗಾಯಿತು.

"ಮೇಷ್ಟ್ರೇ, ಸರ್ವರ್ ಈಗ ಬಂತು. ನಂಬರ್ ಹೇಳಿ, ಬೇಗ ಬೇಗ."

"ಬಂದಿದೆ ಸಾರ್."

"ಯಾರು, ನೇತ್ರಾವತೀನಾ? ಹೇಳವ್ವ."

"ಅಲ್ಲ, ಸಾದಿಯಾ. ಗುಬ್ಬಿ ಹಾಸಿಗೆ ಗುಲಾಮ್ ನಬಿ ಮಗಳು."

"ಯಾವ ಸಾದಿಯಾ?"

"ಪೇಪರ್ ಕೊಡದೇ ಇರೋ ಸಾದಿಯಾ."

ಅನಂತರಾಜು ದನಿ ತಗ್ಗಿಸಿ, "ಅದೆಲ್ಲ ಆಮೇಲೆ ಮಾತಾಡಣ ಕಣಮ್ಮ. ಈಗ ನಂಬರ್ ಹೇಳು" ಎಂದರು.

"ಹೇಳ್ತೀನಿ. ಮೊದಲು ನೀವು ಹೇಳ್ಬೇಕು. ಫೋನು ಸ್ಪೀಕರ್‌ಗೆ ಹಾಕಿ. ಸಾದಿಯಾ ಪೇಪರ್ ಕೊಟ್ಟಿದ್ಲು, ನಂಗೆ ಓಟಿಪಿ ಸಿಗಲಿಲ್ಲ, ಕೊಟ್ಟಿಲ್ಲ ಅಂತ ಸುಳ್ಳು ಬರ್ದೆ, ಅವರಪ್ಪನ ಕೈಲಿ ತಪ್ಪಾಯ್ತು ಅನ್ನಿಸ್ದೆ ಅಂತ. ಸಾಲಿನಲ್ಲಿ ನಿಂತಿರೋರಿಗೆಲ್ಲ ಕೇಳ್ಬೇಕು. ಅಷ್ಟೇ."

"ತಲೆಗಿಲೆ ಕೆಟ್ಟಿದ್ಯಾ? ನಿನ್ನ ತಂಗೀದೂ ಇದರಲ್ಲೇ ಇದೆ."

"ಗೊತ್ತು ಸಾರ್."

ಅವರು ಕಟ್ ಮಾಡಿದರು. ಎರಡು ನಿಮಿಷಕ್ಕೆ ಮತ್ತೆ ಮಾಡಿದರು.

"ಮೇಷ್ಟ್ರ ಫೋನ್ ಕಿತ್ಕೊಂಡಿದೀಯಾ ಅಂತ ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ ನೋಡು."

"ಕೊಡಿ. ರಿಟೈರಾದೋರ ಫೋನಿಗೆ ನಿಮ್ಮ ನಂಬರ್ ಯಾಕೆ ಬರುತ್ತೆ ಅಂತ ಅವರೇ ಕೇಳ್ತಾರೆ."

ಪಕ್ಕದ ಫೋನಿನಿಂದ ಐಮನ್ ಪಿಸುಗುಟ್ಟಿದಳು. "ಆಪಾ, ಬೇಡ. ಕೊಟ್ಬಿಡು. ಎಲ್ರೂ ಕಾಯ್ತಾವ್ರೆ."

"ನೀನು ಸುಮ್ನಿರು."

ನಾಲ್ಕು ಮೂವತ್ತೊಂದಕ್ಕೆ ಆ ಆರು ಅಂಕಿಗಳು ಸತ್ತವು. ಒಳಗಿನಿಂದ ಮೇಷ್ಟ್ರು ಕೂಗಿದರು, "ನಂಬರ್ ಬಂತೇನಮ್ಮ? ಓದಿದ್ಯಾ?"

"ಓದ್ತಾ ಇದೀನಿ ಸಾರ್," ಎಂದಳು ಸಾದಿಯಾ. ಅವಳ ದನಿ ಒಂದಿಷ್ಟೂ ನಡುಗಲಿಲ್ಲ.

ನಾಲ್ಕು ಮೂವತ್ತಮೂರಕ್ಕೆ ಇನ್ನೊಂದು ನಂಬರ್ ಬಂತು. ಈ ಸಲ ಅನಂತರಾಜುವಿನ ಮಾತೇ ಬೇರೆಯಾಗಿತ್ತು. "ನಂಗೆ ಇನ್ನಾರು ತಿಂಗಳು ಸರ್ವೀಸ್ ಅಷ್ಟೇ ಇರೋದು ಕಣಮ್ಮ. ನಿನ್ನ ಕಾಲಿಗೆ ಬೀಳ್ತೀನಿ. ಇಲ್ಲಿ ಮಕ್ಳೆಲ್ಲ ನೋಡ್ತಾವ್ರೆ."

"ಅವತ್ತೂ ನೋಡ್ತಿದ್ರು."

"ಒಬ್ಬನೇ ಇದ್ದಾಗ ಹೇಳ್ತೀನಿ. ನಿಮ್ಮ ಮನೇಗೇ ಬಂದು ನಿಮ್ಮಪ್ಪನ ಹತ್ರಾನೇ ಹೇಳ್ತೀನಿ."

"ಬೇಡ. ಅವರು ಮತ್ತೆ ಕೈ ಮುಗಿದು ನಿಮಗೇ ಟೀ ಕೊಡ್ತಾರೆ. ಕೌಂಟರಿನಲ್ಲೇ ಹೇಳಿ."

ಅವಳ ಕಿವಿಗೆ ಕುರ್ಚಿ ಸರಿದ ಸದ್ದು ಬಿತ್ತು. ಆಮೇಲೆ ಎರಡು ಫೋನುಗಳಲ್ಲೂ ಒಂದೇ ದನಿ, ಒಂದರ ಹಿಂದೆ ಒಂದು ಅರ್ಧ ಸೆಕೆಂಡಿನ ಅಂತರದಲ್ಲಿ ಬಂತು. "ಸಾದಿಯಾ ಅಂತ... ಇಪ್ಪತ್ತೆರಡರಲ್ಲಿ... ಪೇಪರ್ ಕೊಟ್ಟಿದ್ಲು. ನಾನು..."

"ಜೋರಾಗಿ ಸಾರ್! ಹಿಂದ್ಗಡೆಯೋರಿಗೆ ಕೇಳುಸ್ತಿಲ್ಲ!" ಎಂದು ಸಾಲಿನಿಂದ ಒಬ್ಬ ಹುಡುಗಿ ಕೂಗಿದಳು. ಐಮನ್‌ಳ ಗೆಳತಿ, ಚೇಳೂರಿನ ಇಂಪನಾ. ಗೊಳ್ಳೆಂದು ನಗು ಎದ್ದಿತು.

"ನಂಗೂ ಕೇಳಿಸ್ಲಿಲ್ಲ ಸಾರ್," ಎಂದಳು ಸಾದಿಯಾ. "ಮೊದ್ಲಿಂದ ಹೇಳಿ."

ಅನಂತರಾಜು ಮೊದಲಿನಿಂದ ಹೇಳಿದರು. ಓಟಿಪಿ ಸಿಗದ್ದು, ಸುಳ್ಳು ಬರೆದದ್ದು, ಅವಳ ಅಪ್ಪ. ಅಪ್ಪನ ಹತ್ತಿರ ಬಂದಾಗ ಮಾತು ಒಡೆಯಿತು. ನಗುವುದು ನಿಂತಿತು. ಸಾದಿಯಾ ಕಣ್ಣು ಮುಚ್ಚಿ ಒಂದೊಂದು ಪದವನ್ನೂ ಕುಡಿದಳು. ಸುಡುಬೇಸಗೆಯಲ್ಲಿ ಗಡಿಗೆಯ ನೀರು ಕುಡಿದ ಹಾಗೆ ಹೊಟ್ಟೆ ತಣ್ಣಗಾಯಿತು. ಅಯ್ಯೋ ಎನ್ನಿಸಲಿಲ್ಲ. ಅನ್ನಿಸಬೇಕೆಂದು ಅವಳು ಪ್ರಯತ್ನಿಸಲೂ ಇಲ್ಲ.

ನಾಲ್ಕು ನಲವತ್ತಕ್ಕೆ ಆರು ಅಂಕಿಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದಳು. "ಐಮನ್‌ದು ಮೊದಲು ಮಾಡಿ," ಎಂದು ಸೇರಿಸಿ ಎರಡೂ ಕರೆಗಳನ್ನು ಮುಗಿಸಿದಳು.

ಆಮೇಲಿನ ಐವತ್ತು ನಿಮಿಷ ಅವಳು ಮೂರು ವರ್ಷದಲ್ಲಿ ಕಂಡ ಅತ್ಯಂತ ಹಗುರವಾದ ಹೊತ್ತು. ಮೇಷ್ಟ್ರಿಗೆ ಕಣ್ಣಿನ ಹನಿ ಹಾಕಿದಳು. ಅವರ ಅಡುಗೆಮನೆಯಲ್ಲಿ ಟೀ ಮಾಡಿದಳು. ಸಕ್ಕರೆ ಡಬ್ಬ ಹುಡುಕುತ್ತಾ ತನಗೇ ಗೊತ್ತಿಲ್ಲದೆ ಏನೋ ಗುನುಗಿದಳು. ರಾತ್ರಿ ಅಬ್ಬಾ ನಮಾಜ್ ಮುಗಿಸಿ ಬಂದಾಗ ಹೇಗೆ ಶುರುಮಾಡಬೇಕು, ಯಾವ ಮಾತನ್ನು ಮೊದಲು ಹೇಳಬೇಕು ಎಂದು ಜೋಡಿಸಿಕೊಂಡಳು.

ಐದು ಮೂವತ್ತನಾಲ್ಕಕ್ಕೆ ಐಮನ್ ಫೋನ್ ಮಾಡಿದಳು.

"ನಂದು ಆಯ್ತು ಆಪಾ. ಮೊದಲೇ ಆಯ್ತು."

"ಮಿಕ್ಕೋರದು?"

"ಇಪ್ಪತ್ತೇಳು ಆಗಿತ್ತು. ಐದೂವರೆಗೆ ಸರಿಯಾಗಿ ಪೇಜು ಮುಚ್ಚೋಯ್ತು. ಒಂಬತ್ತು ಉಳ್ಕೊಂಡ್ವು."

"ಅವನೇನು ಬೇಕೂಂತ ನಿಧಾನ ಮಾಡಿದ್ನಾ?"

"ಇಲ್ಲ ಆಪಾ. ಒಂದ್ಸಲಾನೂ ತಲೆ ಎತ್ತಲಿಲ್ಲ. ನೀರೂ ಕುಡೀಲಿಲ್ಲ. ಒಂದಾದ ಮೇಲೆ ಒಂದು ಮಾಡ್ತಾನೇ ಇದ್ರು."

"ಯಾರ್ಯಾರದು ಉಳೀತು?"

"ಇಂಪನಾದು ಒಂದು. ಇಲ್ಲೇ ನನ್ನ ಪಕ್ಕದಲ್ಲೇ ನಿಂತವ್ಳೆ."

ಸಾದಿಯಾ ಫೋನಿಟ್ಟಳು. ಒಳಗಿನಿಂದ ಮೇಷ್ಟ್ರು, "ಎಲ್ಲಾ ಮಕ್ಳದೂ ಆಯ್ತಾ ತಾಯಿ?" ಎಂದು ಕೇಳಿದರು.

ಆ ಒಂಬತ್ತನ್ನೂ ಸಾದಿಯಾ ಅನಂತರಾಜುವಿನ ತಲೆಗೇ ಕಟ್ಟಲು ನೋಡಿದಳು. ಆತ ನಂಬರ್ ಬದಲಾಯಿಸಿದ್ದರೆ, ಮೊದಲ ಕರೆಗೇ ಒಪ್ಪಿಕೊಂಡಿದ್ದರೆ, ಸರ್ವರ್ ಬೆಳಗ್ಗೆಯೇ ಬಂದಿದ್ದರೆ. ಪ್ರತಿಯೊಂದೂ ನಿಜವೇ. ಆದರೆ ಲ್ಯಾಬಿನಲ್ಲಿ ಕಲಿತ ಬುದ್ಧಿ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಐವತ್ತು ನಿಮಿಷಕ್ಕೆ ಇಪ್ಪತ್ತೇಳು ಅರ್ಜಿ. ಒಂದಕ್ಕೆ ನೂರ ಹನ್ನೊಂದು ಸೆಕೆಂಡು. ಉಳಿದ ಒಂಬತ್ತಕ್ಕೆ ಹದಿನೇಳು ನಿಮಿಷವಿದ್ದರೆ ಸಾಕಿತ್ತು. ಮೇಷ್ಟ್ರ ಫೋನನ್ನು ಕೈಗೆತ್ತಿಕೊಂಡು ಮೊದಲ ನಂಬರ್ ಬಂದ ಹೊತ್ತನ್ನೂ ಕೊನೆಯ ಕರೆ ಮುಗಿದ ಹೊತ್ತನ್ನೂ ಎರಡು ಸಲ ನೋಡಿ ಕಳೆದಳು. ಅವಳು ತಡೆದಿಟ್ಟದ್ದು ಹತ್ತೊಂಬತ್ತು ನಿಮಿಷ.